ಎರಡು ಕುತ್ತಿಗೆಯ ಅಚ್ಚು

"ಕಣ್ಣು ಮುಚ್ಚು. ಮುಚ್ಚಳ ತೆಗೆದು ಕುತ್ತಿಗೆ ಸವರಿ ನೋಡು," ಎಂದರು ಅತ್ತಿಗೆ.

ಮೇಜಿನ ಮೇಲೆ ಎರಡು ಬಾಟಲಿಗಳಿದ್ದವು. ಎರಡರಲ್ಲೂ ನೆಲದ ಕಲೆ ತೆಗೆಯುವ ಕಿತ್ತಳೆ ಬಣ್ಣದ ದ್ರವ. ಎರಡಕ್ಕೂ ಒಂದೇ ಸಣ್ಣ ಸೊಂಟ, ಒಂದೇ ಚೀಟಿ, ಚೀಟಿಯ ಸುತ್ತ ಒಂದೇ ಚಿನ್ನದ ಅಂಚು. ತಂಪು ಪಾನೀಯದ ಅಂಗಡಿಯಲ್ಲಿಟ್ಟರೆ ದೊಡ್ಡವರೇ ಕೈಚಾಚುವಂತಿದ್ದವು.

ನಾನು ಸವರಿದೆ. ಮೊದಲನೆಯದರ ಕುತ್ತಿಗೆಯಲ್ಲಿ, ತಿರುಪಿನ ಗೆರೆಗಳ ಕೆಳಗೆ, ಎದುರುಬದುರಾಗಿ ಹೆಸರುಕಾಳಿನಷ್ಟು ದಪ್ಪದ ಎರಡು ಉಬ್ಬುಗಳು ಬೆರಳಿಗೆ ತಾಗಿದವು. ಎರಡನೆಯದರ ಕುತ್ತಿಗೆ ನುಣ್ಣಗಿತ್ತು.

"ಒಂದರಲ್ಲಿ ಏನೋ ಇದೆ, ಇನ್ನೊಂದರಲ್ಲಿ ಇಲ್ಲ."

"ಆ ಇಲ್ಲದೇ ಇರೋದ್ರಿಂದ್ಲೇ ಕಣೋ ಒಂದು ಮಗು ಮೂಗಿಗೆ ನಳಿಕೆ ಹಾಕಿಸ್ಕೊಂಡು ಮಲಗಿರೋದು!"

ಶರಬತ್ತೆಂದು ಇದೇ ದ್ರವ ಕುಡಿದು ಗಂಟಲು ಸುಟ್ಟುಕೊಂಡ ಆ ನಾಲ್ಕು ವರ್ಷದ ಹುಡುಗಿಯ ವಿಷಯದಲ್ಲಿ, ದ್ರವ ತಯಾರಿಸುವ ಕಂಪನಿ "ಅದು ನಕಲಿ ಮಾಲು, ಮೇಲಾಗಿ ತಾಯಿಯೇ ಮುಚ್ಚಳ ತೆರೆದಿಟ್ಟಿದ್ದಳು" ಎಂದು ಕೈತೊಳೆದುಕೊಂಡಿತ್ತು. ಪೊಲೀಸರು ಆ ಮಾತನ್ನೇ ನಂಬಿ ತಾಯಿಯ ಮೇಲೆ ಮೊಕದ್ದಮೆ ಹಾಕಿದ್ದರು. ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರ ತೂಗಿಸುವ ಆ ಹೆಂಗಸಿಗೆ ಅತ್ತೆಯ ಮಾತು ಬೇರೆ: "ಹೆತ್ತರೆ ಸಾಕಾ, ಕಣ್ಣೂ ಇರಬೇಕು." ಆಕೆ ಅಳುತ್ತಾ ಬಂದು ಬಾಗಿಲು ತಟ್ಟಿದ್ದು ನಮ್ಮ ಅತ್ತಿಗೆಯದ್ದು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ವಿಮಾ ಕಂಪನಿಯ ಕೆಲಸದಲ್ಲಿದ್ದಾಗ ಒಡೆದ, ಸುಟ್ಟ, ನೆನೆದ ಮಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಇದು ನಿಜವಾಗಿ ಒಡೆದದ್ದೋ ಒಡೆಸಿದ್ದೋ ಎಂದು ಹೇಳುತ್ತಿದ್ದರು. ಈಗ ಸ್ವಂತ ಪತ್ತೇದಾರಿ ಕಚೇರಿ. ಕಾರು ಕಲಿಸುವ ಶಾಲೆ ಮುಚ್ಚಿ ಕೈಖಾಲಿಯಾಗಿದ್ದ ನಾನು ಅವರ ಸಾರಥಿ. ಸಿಟ್ಟು ಬಂದಾಗ ಬೈಸಿಕೊಳ್ಳುವ ಕೆಲಸವೂ ನನ್ನದೇ.

ನಾವು ಕೂತಿದ್ದುದು ಆ ಬಾಟಲಿಗಳು ಹುಟ್ಟುವ ಕಾರ್ಖಾನೆಯಲ್ಲಿ. ಗಾಜಿನ ಗೋಡೆಯಾಚೆ ಯಂತ್ರಗಳು ಉಸಿರು ಕಟ್ಟಿ ಬಿಡುವಂತೆ ಬುಸ್ ಬುಸ್ ಎನ್ನುತ್ತಿದ್ದವು. ಕಾದ ಪ್ಲಾಸ್ಟಿಕ್ಕಿನ ವಾಸನೆ ಬಟ್ಟೆಗೆಲ್ಲ ಹತ್ತಿತ್ತು. ಕಾರ್ಖಾನೆಯ ಒಡತಿ ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದ ಗಡಸು ದನಿಯ ಹೆಂಗಸು. ನಮಗೆ ಕುಡಿಯಲು ನೀರು ಕೊಟ್ಟಿದ್ದರೇ ಹೊರತು ನಗು ಕೊಟ್ಟಿರಲಿಲ್ಲ.

"ಇದು ನಕಲಿ ಅಂತಾರಲ್ಲ ಕಂಪನಿಯವರು," ಅತ್ತಿಗೆ ನುಣ್ಣನೆ ಕುತ್ತಿಗೆಯ ಬಾಟಲಿಯನ್ನು ಆಕೆಯ ಕಡೆ ಸರಿಸಿದರು. "ನಕಲಿ ಮಾಡೋನು ಇಂಥ ಬಾಟ್ಲಿ ಮಾಡಿಸ್ತಾನಾ?"

ಆಗ ಒಡತಿ ನಕ್ಕರು. "ಮಾಡಿಸಿದ್ರೆ ಅವನ ತಲೆ ಕೆಟ್ಟಿದೆ ಅಂತರ್ಥ. ನೋಡಿ, ಈ ಸೊಂಟ ಇದೆಯಲ್ಲ, ದುಡ್ಡೆಲ್ಲ ಇದಕ್ಕೇ. ಮಾರ್ಕೆಟ್ಟಲ್ಲಿ ಸಿಗೋ ನೆಟ್ಟಗಿನ ಬಾಟ್ಲಿ ತಗೊಂಡ್ರೆ ಅಚ್ಚಿನ ಖರ್ಚೇ ಇಲ್ಲ. ನಂಗೆ ನಂದೇ ಆಕಾರ ಬೇಕು ಅಂದ್ರೆ ಉಕ್ಕಲ್ಲಿ ಹೊಸ ಅಚ್ಚು ಕೊರೀಬೇಕು. ಅದೊಂದು ಸಣ್ಣ ಮನೆ ಕಟ್ಟಿಸಿದ ಹಾಗೆ."

"ಅಷ್ಟು ಖರ್ಚು ಹೇಗೆ ಗಿಟ್ಟುತ್ತೆ?" ಎಂದೆ ನಾನು.

"ಲಕ್ಷಗಟ್ಟಲೆ ಮಾಡಿಸೋನಿಗೆ ಗಿಟ್ಟುತ್ತಪ್ಪ. ಅಚ್ಚಿನ ಖರ್ಚು ಒಂದೊಂದು ಬಾಟ್ಲಿ ಮೇಲೂ ಧೂಳಿನ ಹಾಗೆ ಕೂರುತ್ತೆ, ಕಾಣೋದೇ ಇಲ್ಲ. ಕದ್ದುಮುಚ್ಚಿ ಒಂದು ಸಾವಿರ ಮಾಡೋನಿಗೆ ಒಳಗಿನ ಮಾಲಿಗಿಂತ ಬಾಟ್ಲಿನೇ ತುಟ್ಟಿ. ಅಂಥವನು ಮಾಮೂಲಿ ಬಾಟ್ಲಿಗೆ ಚೀಟಿ ಅಂಟಿಸಿ ಓಡ್ತಾನೆ."

"ಗುಜರಿಯಲ್ಲಿ ಖಾಲಿ ಬಾಟ್ಲಿ ಆರಿಸಿ, ಅದಕ್ಕೇ ತುಂಬಿದ್ರೆ?"

ಅತ್ತಿಗೆ ನನ್ನ ಕಡೆ ತಿರುಗಿದರು. "ಆಗ ಕುತ್ತಿಗೇಲಿ ಉಬ್ಬು ಇರಬೇಕಿತ್ತಲ್ಲಪ್ಪ ಜಾಣ. ಕಂಪನಿಯವರು ನಮ್ಮ ಎಲ್ಲಾ ಬಾಟ್ಲಿಗೂ ಉಬ್ಬಿದೆ, ಬೀಗದ ಮುಚ್ಚಳ ಇದೆ ಅಂತ ಎದೆ ತಟ್ಕೊಂಡು ಹೇಳ್ತಿದ್ದಾರೆ."

ಅದು ನಿಜವಾಗಿಯೂ ಬೀಗವೇ. ಮುಚ್ಚಳದ ಎರಡು ಬದಿ ಗಟ್ಟಿಯಾಗಿ ಅದುಮಿಕೊಂಡೇ ತಿರುಗಿಸಬೇಕು. ಅದುಮದೆ ತಿರುಗಿಸಿದರೆ ಮುಚ್ಚಳದೊಳಗಿನ ಹಲ್ಲು ಆ ಉಬ್ಬಿಗೆ ಸಿಕ್ಕಿ ನಿಲ್ಲುತ್ತದೆ. ಪುಟ್ಟ ಕೈಗೆ ಅದು ಆಗದ ಮಾತು. ಉಬ್ಬಿಲ್ಲದ ಕುತ್ತಿಗೆಗಾದರೋ ಮಾಮೂಲಿ ಮುಚ್ಚಳ. ಪೆನ್ನಿನ ಟೋಪಿ ತೆಗೆಯಲು ಬರುವ ಮಗುವಿಗೆ ಅದನ್ನು ತಿರುಗಿಸಲು ಬಾರದೇ?

ಅತ್ತಿಗೆ ಒಡತಿಯ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು: "ಅಮ್ಮಾ, ಈ ಅಚ್ಚಿಗೆ ಕುತ್ತಿಗೆ ಎಷ್ಟು?"

ಒಡತಿಯ ಕೈ ಕನ್ನಡಕದ ದಾರದ ಮೇಲೆ ನಿಂತಿತು. ಗಾಜಿನಾಚೆ ಒಂದು ಯಂತ್ರ ಬುಸ್ಸೆಂದು ಬಾಯಿ ತೆರೆಯಿತು. ಆಕೆ ಎದ್ದು ಒಳಗೆ ಹೋಗಿ, ಎಣ್ಣೆ ಸವರಿದ ಎರಡು ಉಕ್ಕಿನ ತುಂಡುಗಳನ್ನು ತಂದು ಹಳೆ ಬಟ್ಟೆಯ ಮೇಲಿಟ್ಟರು. ಕೈಬಳೆಯಷ್ಟು ಅಗಲದ ಉಂಗುರಗಳು. ಒಂದರ ಒಳಮೈಯಲ್ಲಿ ಎರಡು ಕುಳಿ. ಇನ್ನೊಂದರ ಒಳಮೈ ನುಣುಪು.

"ಎರಡು. ನಾವು ಇದಕ್ಕೆ ಬಳೆ ಅಂತೀವಿ. ಮೈ ಒಂದೇ, ಬಳೆ ಬದಲಾಯಿಸಿದ್ರೆ ಕುತ್ತಿಗೆ ಬದಲಾಗುತ್ತೆ. ಎರಡನೇ ಅಚ್ಚು ಕೊರೆಸೋ ಖರ್ಚಿಲ್ಲ."

"ನುಣುಪು ಬಳೆ ಮಾಡಿಸಿದ್ಯಾರು?"

"ಅವರೇ. ಆ ಕಂಪನಿ ಯಜಮಾನರೇ. ಇದು ಬರೀ ಸುವಾಸನೆ ನೀರಿಗೆ, ಕುಡಿದ್ರೂ ಏನಾಗಲ್ಲ, ಬೀಗದ ಮುಚ್ಚಳ ದಂಡ ಅಂದ್ರು. ನಾನು ಖಾಲಿ ಬಾಟ್ಲಿ ಕಳಿಸೋಳು. ಅಲ್ಲಿ ಏನು ತುಂಬ್ತಾರೆ ಅಂತ..." ಗಡಸು ದನಿ ಅಲ್ಲೇ ಮುರಿಯಿತು. ಮೇಜಿನ ಮೇಲಿದ್ದ ಕಿತ್ತಳೆ ದ್ರವವನ್ನು ಆಕೆ ಹಾವು ನೋಡಿದಂತೆ ನೋಡಿದರು. "ಇದನ್ನ ತುಂಬಿದ್ದಾರಾ ಪಾಪಿಗಳು!"

"ಒಂದು ಬಾಟ್ಲಿಗೆ ಎಷ್ಟು ಉಳೀತು ಅವರಿಗೆ?"

"ಬೀಗದ ಮುಚ್ಚಳ ಹೇಳಿಯೇ ಮಾಡಿಸ್ಬೇಕು. ಮಾಮೂಲಿ ಮುಚ್ಚಳ ಮೂಟೆಗಟ್ಟಲೆ ಸಿಗುತ್ತೆ. ಒಂದು ಬಾಟ್ಲಿಗೆ..." ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಒಂದು ಬೆಂಕಿಕಡ್ಡಿ ಬೆಲೆ ಅಂತ ಇಟ್ಕೊಳ್ಳಿ. ಪೊಟ್ಟಣ ಅಲ್ಲ. ಕಡ್ಡಿ."

"ಈ ಚಿನ್ನದ ಅಂಚಿಗೆ?"

"ಅದಕ್ಕೆ ಅರ್ಧ ಪೊಟ್ಟಣ. ಬಣ್ಣ ಹೆಚ್ಚಾದ ಹಾಗೆ ಚೀಟಿ ಬೆಲೆ ಏರುತ್ತೆ, ಹೊಳಪಿನ ಅಂಚು ಅಂದ್ರೆ ಇನ್ನೂ ಜಾಸ್ತಿ. ನಾನೇ ಹೇಳಿದ್ದೆ, ನೆಲ ತೊಳೆಯೋ ಮಾಲಿಗೆ ಚಿನ್ನ ಯಾಕ್ರೀ, ತೆಗೀರಿ ಅಂತ. ಕೇಳ್ಲಿಲ್ಲ. ಅಂಚು ನೋಡಿ ಜನ ಕೊಳ್ತಾರಮ್ಮ, ಮುಚ್ಚಳ ನೋಡಿ ಯಾರು ಕೊಳ್ತಾರೆ ಅಂದ್ರು."

ಅತ್ತಿಗೆಗೆ ನಿಜವಾದ ಸಿಟ್ಟು ಬಂದಾಗ ಕಿವಿಯ ತುದಿ ಕೆಂಪಾಗುತ್ತದೆ. ಈಗ ಕೆಂಪಾಗಿತ್ತು.

ನುಣುಪು ಬಳೆಯನ್ನು ಕೊಡಿ ಎಂದು ಕೇಳಿದೆವು. ಒಡತಿ ತಲೆಯಾಡಿಸಿದರು. "ಅಚ್ಚು ಅವರದು. ನಾನು ಇಟ್ಕೊಂಡಿರೋಳು ಮಾತ್ರ. ನಿಮಗೆ ಕೊಟ್ರೆ ನಾಳೆ ನನ್ನನ್ನೇ ಕಳ್ಳಿ ಅಂತಾರೆ. ಪೊಲೀಸ್ ಕರ್ಕೊಂಡು ಬನ್ನಿ, ಅವರ ಕೈಗೇ ಕೊಡ್ತೀನಿ." ನಮ್ಮ ಕಣ್ಣೆದುರೇ ಬಳೆಯನ್ನು ಮೇಜಿನ ಖಾನೆಗೆ ಹಾಕಿ ಬೀಗ ಜಡಿದರು.

ಇನ್ಸ್‌ಪೆಕ್ಟರು ಊಟದ ನಂತರವೇ ಸಿಗುವುದು ಎಂದು ಠಾಣೆಯವರು ಫೋನಿನಲ್ಲಿ ಹೇಳಿದರು.

"ಅಲ್ಲಿವರೆಗೆ ಇಲ್ಲೇ ಕಾಯೋಣ ಅತ್ತಿಗೆ," ಎಂದೆ ಕಾರಿನಲ್ಲಿ ಕೂತು.

"ಕಾಯೋಕೆ ನನ್ನ ಕೈಲಾಗಲ್ಲ. ಕಂಪನಿ ಕಡೆ ತಿರುಗಿಸು. ಆ ಮಹಾನುಭಾವನ ಮುಖ ಒಂದ್ಸಲ ನೋಡ್ಬೇಕು."

ಆ ಒಂದು ಮಾತಿಗೆ ನಾವು ಎಂಥ ಬೆಲೆ ತೆರಬೇಕಾಗುತ್ತದೆಂದು ಇಬ್ಬರಿಗೂ ತಿಳಿದಿರಲಿಲ್ಲ.

*

ಕಂಪನಿಯ ಹೊರಕೋಣೆಯಲ್ಲಿ ಆಳೆತ್ತರದ ಹೊಸ ಫಲಕ ನಿಂತಿತ್ತು. ನಗುವ ಒಂದು ಮಗುವಿನ ಚಿತ್ರ, ಕೆಳಗೆ ದಪ್ಪ ಅಕ್ಷರ: "ತಾಯಂದಿರೇ, ಎಚ್ಚರ! ಮುಚ್ಚಳ ಮುಚ್ಚಿದಿರಾ?"

ನನಗೆ ಆ ಫಲಕವನ್ನು ಒದೆಯಬೇಕೆನ್ನಿಸಿತು. ಅತ್ತಿಗೆ ನನ್ನ ತೋಳು ಹಿಡಿದರು.

ಯಜಮಾನನ ಕೋಣೆಯಲ್ಲೂ ಕಿತ್ತಳೆಯ ಪರಿಮಳವೇ. ಗೋಡೆಯ ಗೂಡುಗಳಲ್ಲಿ ಬಾಟಲಿಗಳು, ಒಂದೊಂದಕ್ಕೂ ಮೇಲಿನಿಂದ ಬೀಳುವ ಪುಟ್ಟ ದೀಪ. ಆತ ಎದ್ದು ನಿಂತು ಬರಮಾಡಿಕೊಂಡ. ಮೆಲುಮಾತಿನ, ಇಸ್ತ್ರಿ ಕೆಡದ ಮನುಷ್ಯ.

"ಮಗು ಹೇಗಿದೆ ಮೇಡಂ? ನಮ್ಮ ಮನೇಲಿ ಎಲ್ಲರಿಗೂ ಬೇಜಾರು. ನಕಲಿಯವರಿಂದ ಎಂಥ ಅನಾಹುತ ನೋಡಿ."

"ನಕಲಿಯವರು ನಿಮ್ಮ ಸೊಂಟದ ಬಾಟ್ಲಿನ ಎಲ್ಲಿಂದ ತಂದ್ರು ಯಜಮಾನ್ರೇ?"

"ಕಳ್ಳರಿಗೆ ಏನು ಮೇಡಂ, ಯಾವ ಆಕಾರ ಬೇಕಾದ್ರೂ ಮಾಡಿಸ್ತಾರೆ."

"ನೀವು ಅಚ್ಚಿಗೆ ಎಷ್ಟು ಸುರಿದ್ರಿ ಅಂತ ನಿಮಗೇ ಗೊತ್ತು. ಗಲ್ಲಿ ಅಂಗಡಿಗೆ ನಾಲ್ಕು ಪೆಟ್ಟಿಗೆ ಮಾಲು ಹಾಕೋ ಕಳ್ಳ ಅಷ್ಟು ಸುರೀತಾನಾ? ಅದೂ ಚಿನ್ನದ ಅಂಚು ಸಮೇತ?"

ಆತ ನಕ್ಕ, ಬುದ್ಧಿ ಹೇಳುವವನ ನಗು. "ಮೇಡಂ, ಹೊರಗಿನವರಿಗೆ ಇದು ಅರ್ಥ ಆಗಲ್ಲ. ಒಂದು ಬಾಟ್ಲಿ ಅಂದ್ರೆ ಸುಮ್ನೆ ಅಲ್ಲ. ಪ್ಲಾಸ್ಟಿಕ್ ತೂಕ, ಬಣ್ಣ, ಚೀಟಿ, ಮುಚ್ಚಳ, ಲಾರಿ ಬಾಡಿಗೆ, ದಾರೀಲಿ ಸೋರಿದ್ದು, ಎಲ್ಲಾ ಸೇರುತ್ತೆ. ಒಂದೊಂದರಲ್ಲೂ ಕೂದಲೆಳೆ ಉಳಿಸಿದ್ರೇನೇ ಕಾರ್ಖಾನೆ ನಡೆಯೋದು. ಇನ್ನೂರು ಜನ ಇಲ್ಲಿ ಅನ್ನ ತಿಂತಾರೆ."

"ಆ ಕೂದಲೆಳೆಯಲ್ಲೇ ಮಗು ಗಂಟಲು ಕೊಯ್ದಿದ್ದು." ಅತ್ತಿಗೆ ಚೀಲದಿಂದ ಎರಡು ಬಾಟಲಿ ತೆಗೆದು ಆತನ ಮುಂದಿಟ್ಟರು. "ಇದು ದೊಡ್ಡ ಅಂಗಡೀದು. ಇದು ಮಗು ಮನೆ ಮುಂದಿನ ಗಲ್ಲೀದು. ನಿನ್ನೆ ಇಡೀ ಊರು ಸುತ್ತಿದ್ದೀವಿ. ದೊಡ್ಡ ಅಂಗಡೀಲಿರೋ ಒಂದೊಂದು ಬಾಟ್ಲಿಗೂ ಬೀಗ ಇದೆ. ಗಲ್ಲೀಲಿರೋ ಒಂದಕ್ಕೂ ಇಲ್ಲ. ಕುತ್ತಿಗೆನೇ ಬೇರೆ."

"ಕುತ್ತಿಗೆ ಬೇರೆ ಆದ್ರೆ ಅದು ನಮ್ಮದಲ್ಲ ಅಂತಲೇ ಆಯ್ತಲ್ಲ! ನಮ್ಮ ಅಚ್ಚಿಗೆ ಇರೋದು ಉಬ್ಬಿನ ಬಳೆ ಒಂದೇ. ಆ ನುಣುಪು ಬಳೆಗೂ ನಮಗೂ ಸಂಬಂಧ ಇಲ್ಲ."

ಅತ್ತಿಗೆ ಕುರ್ಚಿಗೆ ಒರಗಿದರು. "ನುಣುಪು ಬಳೆ ಅಂತ ಒಂದಿದೆ ಅಂತ ನಾನಿನ್ನೂ ಹೇಳೇ ಇಲ್ವಲ್ಲ ಯಜಮಾನ್ರೇ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಿ."

ಆತನ ಮುಖದ ಇಸ್ತ್ರಿ ಆಗ ಕೆಟ್ಟಿತು. ಮೊದಲು ಬಾಗಿಲ ಕಡೆ ನೋಡಿದ, ಆಮೇಲೆ ನನ್ನ ಕಡೆ. ಮತ್ತೆ ಮಾತಾಡಿದಾಗ ಮೆಲುದನಿಯಲ್ಲಿ ಒಂದು ಹೊಸ ಒರಟು ಇತ್ತು.

"ಸರಿ. ಇದು ನಾಲ್ಕು ಗೋಡೆ ಮಧ್ಯೆ ಇರ್ಲಿ. ದೊಡ್ಡ ಅಂಗಡಿ ಗಿರಾಕಿ ಬೀಗ ಎಲ್ಲಿ ಅಂತ ಕೇಳ್ತಾನೆ, ಕೇಸು ಹಾಕ್ತಾನೆ, ಅಧಿಕಾರಿಗಳು ಅಲ್ಲೇ ಬಂದು ಮಾದರಿ ತಗೋತಾರೆ. ಗಲ್ಲಿಯವರು ಏನು ಕೇಳ್ತಾರೆ? ಕಮ್ಮಿ ಬೆಲೆ ಕೇಳ್ತಾರೆ. ನಾನು ಕಮ್ಮಿ ಬೆಲೆಗೆ ಕೊಟ್ಟೆ."

"ಕಮ್ಮಿ ಬೆಲೆನಾ?" ಸುಮ್ಮನಿರಬೇಕೆಂದು ನನಗೆ ಅಪ್ಪಣೆಯಾಗಿತ್ತು, ಆದರೂ ಬಾಯಿ ತೆರೆದೆ. "ಎರಡಕ್ಕೂ ಒಂದೇ ಬೆಲೆ ಅಚ್ಚಾಗಿದೆಯಲ್ರೀ! ನಾವು ಕೊಟ್ಟು ತಂದಿದ್ದೀವಿ!"

ಅತ್ತಿಗೆ ಎದ್ದು ನಿಂತರು. ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಎನ್ನಿಸುವಂಥ ದನಿ ಅದು.

"ದೊಡ್ಡ ಅಂಗಡಿಗೆ ಹೋಗೋ ಮಗೂಗೆ ಗಂಟಲಿದೆ, ಗಲ್ಲಿ ಮಗೂಗೆ ಇಲ್ಲ ಅಂತ ತೀರ್ಮಾನ ಮಾಡಿದೋನು ನೀನು. ಚೀಟಿಗೆ ಚಿನ್ನ ಬಳಿಯೋಕೆ ನಿನ್ನ ಹತ್ರ ದುಡ್ಡಿದೆ, ಈ ಗೂಡಿಗೆಲ್ಲ ದೀಪ ಹಾಕೋಕೆ ದುಡ್ಡಿದೆ, ತಾಯಂದಿರೇ ಎಚ್ಚರ ಅಂತ ಆಳೆತ್ತರದ ಫಲಕ ಬರೆಸೋಕೆ ದುಡ್ಡಿದೆ. ಎರಡು ಕಾಳಿನಷ್ಟು ಉಬ್ಬಿಗೆ ಇಲ್ಲ. ಆ ಹೆಂಗಸಿನ ಮನೇಲಿ ಅವಳ ಅತ್ತೆ ಅವಳಿಗೆ ಒಂದು ಲೋಟ ನೀರೂ ಕೊಡ್ತಿಲ್ಲ, ಗೊತ್ತಾ? ಮಗೂನ ಕೊಂದೋಳು ಅಂತಾರೆ. ಇನ್ನೂ ಉಸಿರಾಡ್ತಿರೋ ಮಗೂನ! ಮೇಲೆ ಬಸಪ್ಪ ಒಳಗೆ ವಿಷಪ್ಪ ಅಂತಾರಲ್ಲ, ನಿನ್ನ ಬಾಟ್ಲಿನೂ ಹಾಗೇ, ನೀನೂ ಹಾಗೇ."

ಬಹುವಚನ ಎಲ್ಲೋ ಬಿದ್ದುಹೋಗಿತ್ತು. ಎತ್ತಿಕೊಡಲು ಯಾರೂ ಮುಂದೆ ಬರಲಿಲ್ಲ.

"ಇವತ್ತು ಸಂಜೆಯೊಳಗೆ ಗಲ್ಲಿಗೆ ಹೋದ ಎಲ್ಲಾ ಬಾಟ್ಲಿ ವಾಪಸ್ ಬರ್ಬೇಕು," ಎಂದರು ಅತ್ತಿಗೆ. "ಆ ತಾಯಿ ಮೇಲೆ ಹೊರಿಸಿದ ಮಾತು ನೀನೇ ಠಾಣೆಗೆ ಹೋಗಿ ಹಿಂದಕ್ಕೆ ತಗೋಬೇಕು. ಇಲ್ದಿದ್ರೆ ಆ ಬಳೆ ಇನ್ಸ್‌ಪೆಕ್ಟರ್ ಮೇಜಿನ ಮೇಲಿರುತ್ತೆ."

ಯಜಮಾನ ಬೆವರೊರೆಸಿಕೊಂಡ. ಒಂದು ಕ್ಷಣ ಆತ ಒಪ್ಪಿಯೇಬಿಡುತ್ತಾನೆ ಎನ್ನಿಸಿತು. ತುಟಿ ತೆರೆದಿತ್ತು, ಕೈ ಮೇಜಿನಂಚು ಹಿಡಿದಿತ್ತು.

ಅಷ್ಟರಲ್ಲಿ ಆತನ ಫೋನು ಮೇಜಿನ ಮೇಲೆ ಒಮ್ಮೆ ನಡುಗಿ ಸುಮ್ಮನಾಯಿತು. ಆತ ಅದರತ್ತ ಕಣ್ಣು ಹಾಯಿಸಿದ. ಲೋಟದ ನೀರನ್ನು ನಿಧಾನವಾಗಿ, ಕೊನೆಯವರೆಗೂ ಕುಡಿದ. ಲೋಟ ಕೆಳಗಿಟ್ಟಾಗ ಆತನ ಮುಖ ಮತ್ತೆ ಇಸ್ತ್ರಿಯಾಗಿತ್ತು.

"ಯಾವ ಬಳೆ ಮೇಡಂ?" ಎಂದ ಮೆಲ್ಲಗೆ. "ತನ್ನಿ. ತಂದು ಮೇಜಿನ ಮೇಲಿಡಿ, ನೋಡೋಣ. ನಾನು ಈಗ ಏನೂ ಹೇಳಿಲ್ಲ, ನೀವು ಏನೂ ಕೇಳಿಲ್ಲ."

*

ಮೆಟ್ಟಿಲನ್ನು ಅತ್ತಿಗೆ ಎರಡೆರಡಾಗಿ ಇಳಿದರು. ಕಾರಿನ ಬಾಗಿಲು ಮುಚ್ಚುವ ಮೊದಲೇ ಬಾಟಲಿ ಕಾರ್ಖಾನೆಗೆ ಫೋನು ಹಚ್ಚಿ, ನನಗೂ ಕೇಳುವಂತೆ ದನಿ ದೊಡ್ಡದು ಮಾಡಿದರು.

"ಅಮ್ಮಾ, ಖಾನೆ ತೆಗೆದು ನೋಡಿ. ಬಳೆ ಇದೆಯಾ?"

"ಕೊಟ್ಟುಬಿಟ್ಟೆನಲ್ಲ," ಎಂದಿತು ಗಡಸು ದನಿ. "ನೀವೇ ಕಳಿಸಿದ್ದಂತೆ?"

"ಯಾರಿಗೆ ಕೊಟ್ರಿ? ಪೊಲೀಸ್ ಬಂದ್ರೆ ಮಾತ್ರ ಅಂದಿದ್ರಿ!"

"ಅಂದಿದ್ದೆ. ಆದ್ರೆ ಬಂದಿದ್ದು ಆ ಮಗು ತಾಯಿ. ಫೋನಲ್ಲಿ ಮಗು ಫೋಟೊ ತೋರಿಸಿದ್ಲು, ಮೂಗಲ್ಲಿ ನಳಿಕೆ... ನಾನೂ ಹೆತ್ತೋಳಮ್ಮ. ಇಲ್ಲ ಅನ್ನೋಕೆ ಆಗ್ಲಿಲ್ಲ. ಹೊರಗಡೆ ಕಾರು ನಿಂತಿತ್ತು, ತಗೊಂಡು ಹೊರಟುಹೋದ್ಲು."

ಅತ್ತಿಗೆ ನನ್ನನ್ನು ನೋಡಿದರು. ಬಡ ಹೊಲಿಗೆಯವಳಿಗೆ ಕಾರೆಲ್ಲಿಂದ ಬಂತು? ಬಳೆಯ ವಿಷಯ ಅವಳಿಗೆ ಹೇಳಿದವರು ಯಾರು? ಇವತ್ತು ನಾವಿನ್ನೂ ಆಸ್ಪತ್ರೆಯ ಕಡೆ ಹೋಗಿಯೇ ಇರಲಿಲ್ಲ. ದುಡ್ಡಿಗೆ ಮಾರಿಕೊಂಡಳೇ ಎಂಬ ಕೆಟ್ಟ ಯೋಚನೆ ನನ್ನ ತಲೆಯಲ್ಲಿ ಹಾದುಹೋಯಿತು. ನನ್ನ ಮುಖ ನೋಡಿಯೇ ಅತ್ತಿಗೆಗೆ ಅದು ತಿಳಿದಿರಬೇಕು.

"ಛೀ, ಬಾಯಿ ಮುಚ್ಚು," ಎಂದರು, ನಾನು ಬಾಯಿಯೇ ತೆರೆದಿರಲಿಲ್ಲ.

ತಾಯಿಯ ಫೋನು ಬಹಳ ಹೊತ್ತು ಬಡಿದುಕೊಂಡಿತು. ಆಮೇಲೆ ಎತ್ತಿದಳು. ಹಿಂದೆ ಗಾಡಿ ಓಡುವ ಸದ್ದು.

"ಅಕ್ಕಾ!" ಆ ದನಿಯಲ್ಲಿ ಎಷ್ಟೋ ದಿನದಿಂದ ಇಲ್ಲದ ಹಗುರ ಇತ್ತು. "ನಿಮ್ಮ ಉಪಕಾರ ಯಾವ ಜನ್ಮದಲ್ಲಿ ತೀರಿಸ್ಲಿ ನಾನು? ಆ ಕಬ್ಬಿಣದ ಬಳೆ ತಂದ್ಕೊಟ್ಟೆ ಅಕ್ಕ. ನೀವು ಹೇಳಿದ ಹಾಗೇ ಮಗೂನೂ ಆ ಆಸ್ಪತ್ರೆಯಿಂದ ಬಿಡಿಸ್ಕೊಂಡ್ವಿ. ದೊಡ್ಡ ಡಾಕ್ಟರ ಹತ್ರ ಹೋಗ್ತಿದ್ದೀವಿ. ನನ್ನ ತೊಡೆ ಮೇಲೇ ಮಲಗಿದೆ."

"ನಾನು ಹೇಳಿದ ಹಾಗಾ?" ಎಂದರು ಅತ್ತಿಗೆ. "ನಿಂಗೆ ಯಾರಮ್ಮ ಹಾಗಂದಿದ್ದು? ಯಾರ ಜೊತೆ ಹೋಗ್ತಿದ್ದೀಯ?"

"ಇದೇನಕ್ಕ ಹೀಗೆ ಕೇಳ್ತೀರಿ? ನೀವೇ ಕಳಿಸಿದ್ರಲ್ಲ, ನಿಮ್ಮ ಮೈದುನ. ಅವರೇ ಕಾರು ಓಡಿಸ್ತಿದ್ದಾರೆ."

ಅತ್ತಿಗೆಗೆ ಇರುವುದು ಒಬ್ಬನೇ ಮೈದುನ. ಅವನು ಅವರ ಪಕ್ಕದಲ್ಲಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಮಗು ಮಲಗಿದ್ದ ಕೋಣೆಗೆ ಒಬ್ಬರನ್ನೇ ಬಿಡುತ್ತಿದ್ದುದರಿಂದ ನಾನು ಯಾವತ್ತೂ ಕೆಳಗೆ ಕಾರಿನಲ್ಲೇ ಉಳಿದಿದ್ದೆ. ಅವಳು ಬಾಗಿಲು ತಟ್ಟಿದ ದಿನವೂ ನಾನಿರಲಿಲ್ಲ, ಹಾಗಾಗಿ ಆ ತಾಯಿ ನನ್ನ ಮುಖ ಕಂಡೇ ಇರಲಿಲ್ಲ.

"ನೋಡಮ್ಮ," ಅತ್ತಿಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು, "ನಾನು ಹೇಳೋದನ್ನ ಗಾಬರಿಯಾಗದೆ ಕೇಳು. ಫೋನು ಕಿವಿಗೆ ಒತ್ತಿ ಹಿಡ್ಕೋ. ಗಾಡಿ ಈಗ ಯಾವ ರಸ್ತೇಲಿದೆ? ಅಕ್ಕಪಕ್ಕ ಏನು ಕಾಣ್ತಿದೆ?"

"ತಡೀರಿ ಅಕ್ಕ, ಅವರೇ ಫೋನು ಕೇಳ್ತಿದ್ದಾರೆ. ಕೊಡ್ತೀನಿ."

"ಬೇಡ! ಕೊಡಬೇಡ!"

ಫೋನು ಕೈ ಬದಲಾಯಿತು. ಮಗು ನಿದ್ದೆಯಲ್ಲಿ ಮುಲುಗಿದ್ದು ಕೇಳಿಸಿತು. ಆಮೇಲೆ ಒಂದು ಗಂಡಸಿನ ದನಿ, ಬಹಳ ದಿನದ ಸಲುಗೆಯಿದ್ದವರಂತೆ, ನಗುತ್ತಾ ಕೇಳಿತು:

"ಹೇಳಿ ಅತ್ತಿಗೆ. ಊಟ ಆಯ್ತಾ?"